ಹೈಕಮಾಂಡ್ ಇಲ್ಲದ ಬಲಪಂಥ: ಅಮೆರಿಕದ ಕನ್ಸರ್ವೇಟಿವ್‌ಗಳನ್ನು ಒಟ್ಟಿಗೆ ಹಿಡಿದಿಡುವುದು ಏನು?

2024ರ ಕ್ರಿಸ್‌ಮಸ್ ವಾರ. ಡೊನಾಲ್ಡ್ ಟ್ರಂಪ್ ಎರಡನೇ ಸಲ ಗೆದ್ದು ಏಳು ವಾರ ಆಗಿತ್ತು, ಪ್ರಮಾಣವಚನ ಇನ್ನೂ ಆಗಿರಲಿಲ್ಲ. ಅಷ್ಟರಲ್ಲೇ ಗೆದ್ದವರ ಪಾಳಯದೊಳಗೆ ಬಹಿರಂಗ ಕಿತ್ತಾಟ ಶುರುವಾಯಿತು. ಚೆನ್ನೈನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಶ್ರೀರಾಮ್ ಕೃಷ್ಣನ್ ಅವರನ್ನು ಕೃತಕ ಬುದ್ಧಿಮತ್ತೆಯ ನೀತಿಗೆ ಸಲಹೆಗಾರರನ್ನಾಗಿ ಟ್ರಂಪ್ ಹೆಸರಿಸಿದ್ದರು. ಅದರ ವಿರುದ್ಧ ಎದ್ದ ಕೂಗು ನೋಡನೋಡುತ್ತಲೇ ಎಚ್‌1ಬಿ ವೀಸಾದ ಮೇಲಿನ ಜಗಳವಾಗಿ ತಿರುಗಿತು. ಹೊರದೇಶದ ಎಂಜಿನಿಯರ್‌ಗಳು ಬೇಕೇ ಬೇಕು ಎಂದವರು ಉದ್ಯಮಿಗಳಾದ ಇಲಾನ್ ಮಸ್ಕ್ ಮತ್ತು ವಿವೇಕ್ ರಾಮಸ್ವಾಮಿ. ಅಮೆರಿಕನ್ನರ ಕೆಲಸ ಕಸಿಯುವ ಈ ವೀಸಾವನ್ನೇ ತೆಗೆದುಹಾಕಿ ಎಂದವರು ಟ್ರಂಪ್ ಅವರ ಹಳೆಯ ತಂತ್ರಗಾರ ಸ್ಟೀವ್ ಬ್ಯಾನನ್. ಟ್ರಂಪ್ ಆಗ ಮಸ್ಕ್ ಕಡೆ ವಾಲಿದರು. ಒಂಬತ್ತು ತಿಂಗಳಾದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ, ಅದೇ ಟ್ರಂಪ್ ಹೊಸ ಎಚ್‌1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದರು.

ಬೆಂಗಳೂರಿನಲ್ಲಿ ಕೂತು ಇದನ್ನು ನೋಡುವವರಿಗೆ ಇವರ ನಿಲುವು ನಿಜಕ್ಕೂ ಯಾವುದು ಎಂಬ ಗೊಂದಲ ಸಹಜ. ಒಂದು ನಿಲುವು ಅಂತ ಇಲ್ಲ. ಅದು ಟ್ರಂಪ್ ಒಬ್ಬರ ಚಂಚಲತೆಯ ಫಲ ಎಂದುಕೊಂಡರೆ ಕಥೆಯ ಅರ್ಧಭಾಗ ತಪ್ಪಿಹೋಗುತ್ತದೆ. ಎಪ್ಪತ್ತು ವರ್ಷಗಳಿಂದ ಅಮೆರಿಕದ ಬಲಪಂಥ ಪರಸ್ಪರ ಹೊಂದದ ಗುಂಪುಗಳ ಕೂಟವಾಗಿಯೇ ಬದುಕಿದೆ. ಅವರನ್ನು ಒಗ್ಗೂಡಿಸಿದ್ದು ಬಹುತೇಕ ಯಾವಾಗಲೂ ಒಬ್ಬ ಸಮಾನ ಶತ್ರು. ಜೊತೆಗೆ, ಒಳಗಿನ ವಿರೋಧಾಭಾಸಗಳನ್ನು ಮಾತಾಡದೆಯೇ ದಾಟಿಸಬಲ್ಲ ಒಬ್ಬ ವ್ಯಕ್ತಿ.

ಇದು ಅರ್ಥವಾಗಬೇಕಾದರೆ ಮೊದಲು ನಮ್ಮ ಕಣ್ಣಿಗೆ ಅಂಟಿದ ಪಕ್ಷದ ಚಿತ್ರವನ್ನು ಪಕ್ಕಕ್ಕಿಡಬೇಕು. ಕರ್ನಾಟಕದಲ್ಲಿ ಯಾರು ಅಭ್ಯರ್ಥಿ ಎಂಬುದನ್ನು ತೀರ್ಮಾನಿಸುವುದು ಹೈಕಮಾಂಡ್. ಬಿ ಫಾರಂ ಕೈಗೆ ಬರುವವರೆಗೆ ಯಾರಿಗೂ ನಿದ್ದೆ ಇಲ್ಲ. ಅಮೆರಿಕದಲ್ಲಿ ಬಿ ಫಾರಂ ಕೊಡುವವರೇ ಇಲ್ಲ. ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿಗೆ ಅಧ್ಯಕ್ಷರಿದ್ದಾರೆ, ಆದರೆ ಅವರ ಕೆಲಸ ಹೆಚ್ಚಾಗಿ ಹಣ ಕೂಡಿಸುವುದು, ಅಧಿವೇಶನ ನಡೆಸುವುದು. ಅಭ್ಯರ್ಥಿಯನ್ನು ಆರಿಸುವುದು ಪ್ರೈಮರಿ ಎಂಬ ಒಳಚುನಾವಣೆ, ಅದರಲ್ಲಿ ಮತ ಹಾಕುವವರು ಸಾಮಾನ್ಯ ಮತದಾರರು. ವರ್ಜೀನಿಯಾದಂಥ ರಾಜ್ಯದಲ್ಲಿ ಮತದಾರ ತಾನು ಯಾವ ಪಕ್ಷದವನೆಂದು ನೋಂದಾಯಿಸಬೇಕಾಗಿಯೂ ಇಲ್ಲ. ಯಾವ ಪಕ್ಷದ ಪ್ರೈಮರಿಗೆ ಬೇಕಾದರೂ ಹೋಗಿ ಮತ ಹಾಕಿ ಬರಬಹುದು. ಅಧ್ಯಕ್ಷೀಯ ಅಭ್ಯರ್ಥಿಯ ಮಟ್ಟಿಗೆ 1968ರವರೆಗೆ ಹೀಗಿರಲಿಲ್ಲ. ರಾಜ್ಯಗಳ ಪಕ್ಷದ ಮುಖಂಡರು ಅಧಿವೇಶನದಲ್ಲಿ ಕೂತು ಹೆಸರು ಅಂತಿಮಗೊಳಿಸುತ್ತಿದ್ದರು. ಆ ವರ್ಷ ಡೆಮಾಕ್ರಟಿಕ್ ಪಕ್ಷ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿಗೆ ಟಿಕೆಟ್ ಕೊಟ್ಟು, ಶಿಕಾಗೊ ಬೀದಿಗಳಲ್ಲಿ ಗಲಭೆಯಾಗಿ, ನಿಯಮಗಳೇ ಬದಲಾದವು. ಆ ಬದಲಾವಣೆಯ ಅಲೆಗೆ ರಿಪಬ್ಲಿಕನ್ನರೂ ಸಿಕ್ಕರು.

ಇನ್ನೊಂದು ವಿಷಯ: ಕನ್ಸರ್ವೇಟಿವ್ ಚಳವಳಿ ಬೇರೆ, ರಿಪಬ್ಲಿಕನ್ ಪಕ್ಷ ಬೇರೆ. ಚಳವಳಿ ಎಂದರೆ ಪತ್ರಿಕೆಗಳು, ಚಿಂತಕರ ಚಾವಡಿಗಳು, ರೇಡಿಯೊ ಮಾತುಗಾರರು, ಚರ್ಚುಗಳು, ಬಂದೂಕು ಹಕ್ಕಿನ ಸಂಘಗಳು, ಹಣ ಹಾಕುವ ಶ್ರೀಮಂತರು. ಇವರೆಲ್ಲ ಪಕ್ಷವನ್ನು ತಮ್ಮ ಕಡೆಗೆ ಎಳೆಯಲು ನೋಡುವವರು. ಹೀಗಾಗಿ ‘ನಾಯಕ ಯಾರು’ ಎಂಬ ಪ್ರಶ್ನೆಗೆ ಅಲ್ಲಿ ವಿಚಿತ್ರ ಉತ್ತರಗಳು ಸಿಗುತ್ತವೆ. ಬರಾಕ್ ಒಬಾಮ ಗೆದ್ದ ಕೆಲವೇ ತಿಂಗಳಲ್ಲಿ, 2009ರ ಮಾರ್ಚ್‌ನಲ್ಲಿ, ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಮೈಕೆಲ್ ಸ್ಟೀಲ್ ಟಿವಿಯಲ್ಲಿ ಬಾಯಿತಪ್ಪಿ, ರೇಡಿಯೊ ನಿರೂಪಕ ರಷ್ ಲಿಂಬಾ ಬರೀ ಮನರಂಜನೆಯವರು ಎಂಬ ಅರ್ಥದ ಮಾತಾಡಿದರು. ಲಿಂಬಾ ಮರುದಿನ ರೇಡಿಯೊದಲ್ಲಿ ಅವರನ್ನು ತರಾಟೆಗೆ ತೆಗೆದುಕೊಂಡರು. ಕ್ಷಮೆ ಕೇಳಿದ್ದು ಪಕ್ಷದ ಅಧ್ಯಕ್ಷರು.

ಈ ಕೂಟದ ಮೂಲ 1955ರಲ್ಲಿದೆ. ಆ ವರ್ಷ ವಿಲಿಯಂ ಎಫ್. ಬಕ್ಲಿ ಎಂಬ ಮೂವತ್ತು ತುಂಬುತ್ತಿದ್ದ ಶ್ರೀಮಂತ ಮನೆಯ ಯುವಕ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಆರಂಭಿಸಿದ. ಆಗ ಬಲಪಂಥೀಯರೆಂದರೆ ಮೂರು ದಿಕ್ಕಿನ ಜನ. ಸರ್ಕಾರ ವ್ಯಾಪಾರಕ್ಕೆ ಕೈಹಾಕಬಾರದು ಎನ್ನುವ ಮುಕ್ತ ಮಾರುಕಟ್ಟೆಯವರು. ಧರ್ಮ, ಕುಟುಂಬ, ಪರಂಪರೆ ಉಳಿಯಬೇಕು ಎನ್ನುವ ಸಂಪ್ರದಾಯಸ್ಥರು. ಸೋವಿಯತ್ ಒಕ್ಕೂಟವನ್ನು ಜಗತ್ತಿನ ಎಲ್ಲ ಮೂಲೆಯಲ್ಲೂ ಎದುರಿಸಬೇಕು ಎನ್ನುವ ಕಮ್ಯುನಿಸ್ಟ್ ವಿರೋಧಿಗಳು. ಮೊದಲ ಗುಂಪಿಗೆ ಸರ್ಕಾರ ಚಿಕ್ಕದಿರಬೇಕು. ಮೂರನೆಯದಕ್ಕೆ ಬೃಹತ್ ಸೈನ್ಯ, ಬೃಹತ್ ಬಜೆಟ್ ಬೇಕು. ಎರಡನೆಯದು ಊರಿನ ಹಳೆಯ ಬದುಕು ಉಳಿಯಲಿ ಎನ್ನುತ್ತದೆ. ಆ ಬದುಕನ್ನು ಬುಡಮೇಲು ಮಾಡುವುದರಲ್ಲಿ ಮುಕ್ತ ಮಾರುಕಟ್ಟೆಯನ್ನು ಮೀರಿಸಿದ್ದು ಯಾವುದೂ ಇಲ್ಲ.

ಇದಕ್ಕೆ ತಾತ್ವಿಕ ಸೇತುವೆ ಕಟ್ಟಿದವನು ಅದೇ ಪತ್ರಿಕೆಯ ಸಂಪಾದಕ ಮಂಡಳಿಯ ಫ್ರಾಂಕ್ ಮೇಯರ್, ಸ್ವತಃ ಮಾಜಿ ಕಮ್ಯುನಿಸ್ಟ್. ಅವನ ವಾದ ಸರಳವಾಗಿತ್ತು: ಬಲವಂತದಿಂದ ಬಂದ ಸದ್ಗುಣ ಸದ್ಗುಣವೇ ಅಲ್ಲ, ಆದ್ದರಿಂದ ಧರ್ಮ ಬೇಕೆನ್ನುವವರಿಗೆ ಸ್ವಾತಂತ್ರ್ಯ ಬೇಕು, ನೈತಿಕ ಕಟ್ಟು ಇಲ್ಲದ ಸ್ವಾತಂತ್ರ್ಯ ಬಾಳುವುದಿಲ್ಲ, ಆದ್ದರಿಂದ ಸ್ವಾತಂತ್ರ್ಯ ಬೇಕೆನ್ನುವವರಿಗೆ ಧರ್ಮ ಬೇಕು. ಇದಕ್ಕೆ ಫ್ಯೂಷನಿಸಂ ಎಂಬ ಹೆಸರು ಬಿತ್ತು. ಬಕ್ಲಿಯ ಭಾವಮೈದುನ ಬ್ರೆಂಟ್ ಬೋಜೆಲ್ 1962ರಲ್ಲೇ ಇದನ್ನು ಒಪ್ಪಲಿಲ್ಲ. ಜನರನ್ನು ಒಳ್ಳೆಯವರನ್ನಾಗಿ ಮಾಡುವುದೇ ರಾಜ್ಯದ ಕೆಲಸ, ಸ್ವಾತಂತ್ರ್ಯ ಆಮೇಲೆ ಎಂದ. ಇವತ್ತು ಅಮೆರಿಕದ ಬಲಪಂಥೀಯ ಪ್ರಾಧ್ಯಾಪಕರು ಹೊಸತೆಂದು ಹೇಳುತ್ತಿರುವ ಎಷ್ಟೋ ಮಾತು ಬೋಜೆಲ್‌ನ ಹಳೆಯ ತಕರಾರೇ. ಆದರೆ ಆಗ ಆ ಜಗಳ ಬೆಳೆಯಲಿಲ್ಲ. ದೇವರಿಲ್ಲ ಎನ್ನುವ, ಖಾಸಗಿ ಆಸ್ತಿ ಇಲ್ಲ ಎನ್ನುವ, ಅಣುಬಾಂಬ್ ಇಟ್ಟುಕೊಂಡ ಸೋವಿಯತ್ ಒಕ್ಕೂಟ ಮೂವರಿಗೂ ಏಕಕಾಲಕ್ಕೆ ಶತ್ರುವಾಗಿತ್ತು. ಇಂಥ ಅನುಕೂಲಕರ ಶತ್ರು ಯಾವ ಚಳವಳಿಗೂ ಸುಲಭವಾಗಿ ಸಿಗುವುದಿಲ್ಲ.

ಬಕ್ಲಿ ಮಾಡಿದ ಇನ್ನೊಂದು ಕೆಲಸ ಬಾಗಿಲು ಕಾಯುವುದು. ಅಧ್ಯಕ್ಷ ಐಸೆನ್‌ಹೋವರ್ ಕೂಡ ಕಮ್ಯುನಿಸ್ಟರ ಏಜೆಂಟ್ ಎಂದು ನಂಬಿದ್ದ ಜಾನ್ ಬರ್ಚ್ ಸೊಸೈಟಿಯ ಸ್ಥಾಪಕ ರಾಬರ್ಟ್ ವೆಲ್ಚ್‌ನನ್ನು 1962ರಲ್ಲಿ ತನ್ನ ಪತ್ರಿಕೆಯಲ್ಲಿ ಖಂಡಿಸಿ ಚಳವಳಿಯಿಂದ ದೂರ ಇಟ್ಟ. ಇದನ್ನು ಕನ್ಸರ್ವೇಟಿವ್‌ಗಳು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅವರು ಅಷ್ಟಾಗಿ ಹೇಳದ ಸಂಗತಿಯೂ ಒಂದಿದೆ: 1957ರಲ್ಲಿ ಅದೇ ಪತ್ರಿಕೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಆಧಿಪತ್ಯವನ್ನು ಸಮರ್ಥಿಸಿ ಸಂಪಾದಕೀಯ ಬರೆದಿತ್ತು. 1964ರಲ್ಲಿ ಚಳವಳಿಯ ಮೊದಲ ಅಧ್ಯಕ್ಷೀಯ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್, ಜನಾಂಗ ತಾರತಮ್ಯ ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆಯ ವಿರುದ್ಧ ಸೆನೆಟ್‌ನಲ್ಲಿ ಮತ ಹಾಕಿದರು. ತತ್ವಕ್ಕಾಗಿ ಹಾಗೆ ಮಾಡಿದೆ ಎಂದರು. ಆ ಚುನಾವಣೆಯಲ್ಲಿ ಅವರು ದೇಶದಾದ್ಯಂತ ನೆಲಕಚ್ಚಿ, ಗೆದ್ದದ್ದು ಆರೇ ರಾಜ್ಯ: ಸ್ವಂತ ಅರಿಜೋನಾ, ಮತ್ತು ದಕ್ಷಿಣದ ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ಮಿಸಿಸಿಪ್ಪಿ, ಸೌತ್ ಕೆರೊಲಿನಾ. ಮತದಾರರು ಯಾವ ಸಂದೇಶ ಕೇಳಿಸಿಕೊಂಡರು ಎಂಬುದು ಆ ಪಟ್ಟಿಯಲ್ಲೇ ಇದೆ. ಪುಸ್ತಕದಲ್ಲಿ ಬರೆದ ಮೂರು ಕಾಲುಗಳ ಜೊತೆಗೆ ಬರೆಯದ ನಾಲ್ಕನೆಯದೊಂದು, ಬಿಳಿಯರ ಆಧಿಪತ್ಯದ ಭಾವನೆ, ಮೊದಲಿನಿಂದಲೂ ಇತ್ತು ಎಂಬುದನ್ನು ಬಿಟ್ಟು ಈ ಇತಿಹಾಸ ಹೇಳಿದರೆ ಅರೆಸತ್ಯವಾದೀತು.

ಆ ಸೋಲಿನ ಪ್ರಚಾರದ ಕೊನೆಯಲ್ಲಿ, 1964ರ ಅಕ್ಟೋಬರ್ 27ರಂದು, ಗೋಲ್ಡ್‌ವಾಟರ್ ಪರವಾಗಿ ಟಿವಿಯಲ್ಲಿ ಮಾತಾಡಿದ ನಟನೊಬ್ಬ ಹೆಸರಾದ. ಅವನೇ ರೊನಾಲ್ಡ್ ರೇಗನ್, ಎರಡು ವರ್ಷದ ಹಿಂದಷ್ಟೇ ಡೆಮಾಕ್ರಟಿಕ್ ಪಕ್ಷ ಬಿಟ್ಟು ಬಂದವನು. ಮುಂದೆ ಕ್ಯಾಲಿಫೋರ್ನಿಯಾದ ಗವರ್ನರ್, 1976ರಲ್ಲಿ ಹಾಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ವಿರುದ್ಧವೇ ಟಿಕೆಟ್‌ಗೆ ನಿಂತು 1187ಕ್ಕೆ 1070 ಪ್ರತಿನಿಧಿಗಳ ಅಂತರದಲ್ಲಿ ಸೋಲು, 1980ರಲ್ಲಿ ಗೆಲುವು. ‘ಸರ್ಕಾರವೇ ನಮ್ಮ ಸಮಸ್ಯೆ’ ಎಂದು ಅವರು 1981ರ ಜನವರಿಯಲ್ಲಿ ಪ್ರಮಾಣವಚನದ ದಿನ ಹೇಳಿದ ಮಾತು ಚಳವಳಿಯ ಮಂತ್ರವಾಯಿತು.

ಅಧಿಕಾರದಲ್ಲಿ ರೇಗನ್ ಮಾಡಿದ್ದನ್ನು ಹತ್ತಿರದಿಂದ ನೋಡಿದರೆ, ಮಂತ್ರಕ್ಕಿಂತ ಹಂಚಿಕೆಯ ಜಾಣ್ಮೆ ಎದ್ದು ಕಾಣುತ್ತದೆ. ಉದ್ಯಮಿಗಳಿಗೆ ತೆರಿಗೆ ಕಡಿತ ಸಿಕ್ಕಿತು: ಆದಾಯ ತೆರಿಗೆಯ ಗರಿಷ್ಠ ದರ ಶೇ 70ರಿಂದ ಮೊದಲು 50ಕ್ಕೆ, 1986ರ ಕಾಯ್ದೆಯ ನಂತರ 28ಕ್ಕೆ ಇಳಿಯಿತು. ಕಮ್ಯುನಿಸ್ಟ್ ವಿರೋಧಿಗಳಿಗೆ ಶಸ್ತ್ರಾಸ್ತ್ರದ ಬಜೆಟ್ ಸಿಕ್ಕಿತು. 1973ರಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಸಾಂವಿಧಾನಿಕ ಹಕ್ಕೆಂದು ಸಾರಿದ ಮೇಲೆ ರಾಜಕೀಯಕ್ಕಿಳಿದಿದ್ದ ಇವಾಂಜೆಲಿಕಲ್ ಕ್ರೈಸ್ತರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಭಾಷಣ. ಅವರು ಗೊಣಗಿದರು, ಬಿಟ್ಟು ಹೋಗಲಿಲ್ಲ. 1982ರಲ್ಲಿ ರೇಗನ್ ತೆರಿಗೆ ಏರಿಸಿದ್ದೂ ಉಂಟು. 1986ರಲ್ಲಿ ದಾಖಲೆ ಇಲ್ಲದ ಸುಮಾರು 27 ಲಕ್ಷ ವಲಸಿಗರು ಕಾನೂನುಬದ್ಧ ನಿವಾಸಿಗಳಾಗಲು ದಾರಿ ಮಾಡಿಕೊಟ್ಟ ಕಾಯ್ದೆಗೆ ಸಹಿ ಹಾಕಿದ್ದೂ ಅವರೇ. ಆ ದಾಖಲೆ ಹಿಡಿದು ಇವತ್ತು ರಿಪಬ್ಲಿಕನ್ ಪ್ರೈಮರಿಗೆ ನಿಂತರೆ ಮೊದಲ ಸುತ್ತು ದಾಟುವುದೂ ಕಷ್ಟ.

ಬರ್ಲಿನ್ ಗೋಡೆ 1989ರಲ್ಲಿ ಬಿತ್ತು, ಸೋವಿಯತ್ ಒಕ್ಕೂಟ 1991ರಲ್ಲಿ ಕರಗಿತು. ಗೆದ್ದ ಮರುಕ್ಷಣವೇ ಒಡಕು. 1992ರಲ್ಲಿ ಪ್ಯಾಟ್ ಬುಕಾನನ್ ತಮ್ಮದೇ ಪಕ್ಷದ ಅಧ್ಯಕ್ಷ ಹಿರಿಯ ಬುಷ್ ವಿರುದ್ಧ ಪ್ರೈಮರಿಗೆ ಇಳಿದು ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶೇ 37ರಷ್ಟು ಮತ ಪಡೆದರು. ಅವರ ಪಟ್ಟಿ ನೋಡಿ: ಮುಕ್ತ ವ್ಯಾಪಾರ ಬೇಡ, ವಲಸೆ ಬೇಡ, ಬೇರೆ ದೇಶಗಳ ಯುದ್ಧ ಬೇಡ, ಅಮೆರಿಕವೇ ಮೊದಲು. ಅದನ್ನು ಆಗ ಪಕ್ಷದ ದೊಡ್ಡವರು ಹಳೆಯ ಕಾಲದ ಹಳಹಳಿಕೆ ಎಂದು ತಳ್ಳಿಹಾಕಿದರು. ಶತ್ರುವಿನ ಜಾಗ ಆಮೇಲೆ ಖಾಲಿ ಉಳಿಯಲಿಲ್ಲ. ಬಿಲ್ ಕ್ಲಿಂಟನ್ ಇದ್ದರು; 1994ರಲ್ಲಿ ನ್ಯೂಟ್ ಗಿಂಗ್ರಿಚ್ ನೇತೃತ್ವದಲ್ಲಿ ನಲವತ್ತು ವರ್ಷಗಳ ನಂತರ ಕೆಳಮನೆ ಕೈಗೆ ಬಂತು. 2001ರ ಸೆಪ್ಟೆಂಬರ್ 11ರ ನಂತರ ಭಯೋತ್ಪಾದನೆ ಬಂತು.

ಇರಾಕ್ ಯುದ್ಧ ಆ ಒಗ್ಗಟ್ಟನ್ನು ತಿಂದುಹಾಕಿತು. 2008ರ ಸೆಪ್ಟೆಂಬರ್ 29ರಂದು ಕಿರಿಯ ಬುಷ್ ಆಡಳಿತ ಬ್ಯಾಂಕುಗಳ ರಕ್ಷಣೆಗೆಂದು ತಂದ 70,000 ಕೋಟಿ ಡಾಲರ್‌ಗಳ ಮಸೂದೆಯನ್ನು ಕೆಳಮನೆ ಮೊದಲ ಸಲ ತಿರಸ್ಕರಿಸಿತು, ಕೆಲವೇ ದಿನಗಳ ನಂತರ ಎರಡನೇ ಸಲ ಒಪ್ಪಿತು. ಮೊದಲ ಸಲ ವಿರೋಧವಾಗಿ ಮತ ಹಾಕಿದವರಲ್ಲಿ ಬುಷ್ ಪಕ್ಷದವರೇ 133 ಮಂದಿ. ನನ್ನ ಮಟ್ಟಿಗೆ ಹಳೆಯ ಕೂಟ ಮುರಿದ ದಿನ ಅದು. ಮುಕ್ತ ಮಾರುಕಟ್ಟೆಯ ಪಾಠ ಹೇಳಿದವರೇ ವಾಲ್ ಸ್ಟ್ರೀಟನ್ನು ತೆರಿಗೆ ಹಣದಿಂದ ಎತ್ತಿ ನಿಲ್ಲಿಸಿದರು ಎಂಬ ಸಿಟ್ಟು ಆಮೇಲೆ ಯಾರಿಂದಲೂ ಇಳಿಯಲಿಲ್ಲ.

2009ರ ಟೀ ಪಾರ್ಟಿ ಎಂಬ ಚಳವಳಿ ಆ ಸಿಟ್ಟಿನ ಕೂಸು. ಸರ್ಕಾರದ ಖರ್ಚು ತಗ್ಗಿಸಿ ಎಂಬ ಘೋಷಣೆಯಡಿ 2010ರಲ್ಲಿ ರಿಪಬ್ಲಿಕನ್ನರು ಕೆಳಮನೆಯಲ್ಲಿ 63 ಸೀಟು ಹೆಚ್ಚಿಸಿಕೊಂಡರು. ವಾಷಿಂಗ್ಟನ್ನಿನ ನಾಯಕರು ಇದನ್ನು ರೇಗನ್ ಪಾಠದ ಪುನರಾವರ್ತನೆ ಎಂದೇ ಓದಿಕೊಂಡರು. ಆದರೆ ಆ ಮೆರವಣಿಗೆಗಳಲ್ಲಿ ನಡೆದವರಲ್ಲಿ ಬಹಳಷ್ಟು ಜನ ವಯಸ್ಸಾದವರು, ಸರ್ಕಾರದ ಪಿಂಚಣಿ ಮತ್ತು ಮೆಡಿಕೇರ್ ಎಂಬ ವೃದ್ಧರ ಸರ್ಕಾರಿ ಆರೋಗ್ಯ ವಿಮೆ ಪಡೆಯುವವರು. ಅದಕ್ಕೆ ಕತ್ತರಿ ಬೀಳುವುದು ಅವರಿಗೂ ಬೇಕಿರಲಿಲ್ಲ. ಅವರ ತಕರಾರು ಇದ್ದದ್ದು ತಮ್ಮ ಪ್ರಕಾರ ಅರ್ಹರಲ್ಲದವರಿಗೆ ಹೋಗುವ ಹಣದ ಬಗ್ಗೆ.

2012ರಲ್ಲಿ ಅಧ್ಯಕ್ಷೀಯ ಅಭ್ಯರ್ಥಿ ಮಿಟ್ ರಾಮ್ನಿ ಸೋತ ಮೇಲೆ ಪಕ್ಷ ತನ್ನ ಮೇಲೆ ತಾನೇ ಶವಪರೀಕ್ಷೆ ಮಾಡಿಕೊಂಡಿತು. 2013ರ ಮಾರ್ಚ್‌ನ ಆ ವರದಿಗೆ ಪತ್ರಕರ್ತರು ಇಟ್ಟ ಹೆಸರೂ ಅದೇ. ಲ್ಯಾಟಿನೊ ಮತದಾರರನ್ನು ಸೆಳೆಯಿರಿ, ವಲಸೆ ನೀತಿಯನ್ನು ಸುಧಾರಿಸಿ ಎಂಬುದು ಅದರ ಸಲಹೆ. ಲೂಸಿಯಾನಾದ ಗವರ್ನರ್ ಬಾಬಿ ಜಿಂದಾಲ್, ನಾವು ದಡ್ಡರ ಪಕ್ಷವಾಗಿರುವುದನ್ನು ನಿಲ್ಲಿಸಬೇಕು ಎಂದರು. ಅದೇ ವರ್ಷ ರಿಪಬ್ಲಿಕನ್ ಸೆನೆಟರ್ ಮಾರ್ಕೊ ರುಬಿಯೊ ಸೇರಿ ರೂಪಿಸಿದ ವಲಸೆ ಮಸೂದೆ ಸೆನೆಟ್‌ನಲ್ಲಿ 68–32ರಿಂದ ಗೆದ್ದಿತು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ. 2014ರಲ್ಲಿ ಕೆಳಮನೆಯ ಎರಡನೇ ಹಿರಿಯ ನಾಯಕ ಎರಿಕ್ ಕ್ಯಾಂಟರ್, ವಲಸೆಯ ಬಗ್ಗೆ ಮೆತ್ತಗಾಗಿದ್ದಾರೆ ಎಂಬ ಆರೋಪ ಹೊತ್ತು, ಹೆಸರೇ ಕೇಳಿರದ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರ ಎದುರು ಪ್ರೈಮರಿಯಲ್ಲಿ ಸೋತರು. ವರದಿ ಬರೆದವರು ಒಂದು ಪಕ್ಷದಲ್ಲಿದ್ದರು, ಮತ ಹಾಕುವವರು ಇನ್ನೊಂದರಲ್ಲಿ.

ಟ್ರಂಪ್ ಕಂಡುಕೊಂಡದ್ದು ಆ ಅಂತರವನ್ನು. 2016ರ ಕಣದಲ್ಲಿ ಹದಿನೇಳು ಪ್ರಮುಖ ಸ್ಪರ್ಧಿಗಳಿದ್ದರು. ಹದಿನಾರು ಜನ ಹೆಚ್ಚುಕಡಿಮೆ ರೇಗನ್ ಮಂತ್ರವನ್ನೇ ಪಠಿಸಿದರು. ಪಿಂಚಣಿಗೂ ಮೆಡಿಕೇರ್‌ಗೂ ಕೈಹಾಕುವುದಿಲ್ಲ ಎಂದರು ಟ್ರಂಪ್. ಚೀನಾದ ಮಾಲಿಗೆ ಸುಂಕ, ಗಡಿಗೆ ಗೋಡೆ ಎಂದರು. ಆ ಫೆಬ್ರುವರಿಯಲ್ಲಿ, ಸೈನಿಕ ಕುಟುಂಬಗಳು ತುಂಬಿರುವ ಸೌತ್ ಕೆರೊಲಿನಾದ ಚರ್ಚೆಯಲ್ಲಿ, ಇರಾಕ್ ಯುದ್ಧಕ್ಕೆ ಸುಳ್ಳು ಹೇಳಿ ಹೋದರು ಎಂದು ಬುಷ್ ಕುಟುಂಬದ ಜೆಬ್ ಬುಷ್ ಎದುರಿಗೇ ಹೇಳಿದರು. ಪಂಡಿತರು ಕಥೆ ಮುಗಿಯಿತು ಎಂದರು. ಒಂದು ವಾರದಲ್ಲಿ ಟ್ರಂಪ್ ಆ ರಾಜ್ಯ ಗೆದ್ದರು, ಜೆಬ್ ಬುಷ್ ಕಣ ಬಿಟ್ಟರು. ಅದಕ್ಕೂ ಮೊದಲು ‘ನ್ಯಾಷನಲ್ ರಿವ್ಯೂ’ ಟ್ರಂಪ್ ವಿರುದ್ಧವೇ ಒಂದು ವಿಶೇಷ ಸಂಚಿಕೆ ತಂದಿತ್ತು. ಬಾಗಿಲು ಕಾಯುವ ಹಳೆಯ ಕಾಯಕ. ಈ ಸಲ ಬಾಗಿಲೇ ಇರಲಿಲ್ಲ. ಪ್ರೈಮರಿಗಳಲ್ಲಿ ಟ್ರಂಪ್‌ಗೆ ಬಿದ್ದದ್ದು ಶೇ 45ರಷ್ಟು ಮತ ಮಾತ್ರ, ಉಳಿದದ್ದು ಹರಿದು ಹಂಚಿಹೋಯಿತು. ಹೈಕಮಾಂಡ್ ಇರುವ ಯಾವ ಪಕ್ಷದಲ್ಲೂ ಹೀಗಾಗಲು ಬಿಡುತ್ತಿರಲಿಲ್ಲ.

ಧಾರ್ಮಿಕ ಮತದಾರರೊಂದಿಗಿನ ಒಪ್ಪಂದ ಮಾತ್ರ ಅಚ್ಚುಕಟ್ಟಾಗಿತ್ತು. ಸುಪ್ರೀಂ ಕೋರ್ಟಿಗೆ ಯಾರನ್ನು ನೇಮಿಸುತ್ತೇನೆ ಎಂಬ ಹೆಸರಿನ ಪಟ್ಟಿಯನ್ನೇ ಟ್ರಂಪ್ ಮುಂಚಿತವಾಗಿ ಕೊಟ್ಟರು, ಮೂವರನ್ನು ನೇಮಿಸಿದರು, 2022ರ ಜೂನ್ 24ರಂದು ಆ ನ್ಯಾಯಾಲಯ 1973ರ ಗರ್ಭಪಾತ ತೀರ್ಪನ್ನು ರದ್ದು ಮಾಡಿತು. ರೇಗನ್ ಭಾಷಣ ಕೊಟ್ಟರು, ಟ್ರಂಪ್ ತೀರ್ಪು ಕೊಟ್ಟರು. ಮುಂದೆ ಆದದ್ದು ಸ್ವಾರಸ್ಯಕರ. ಆರು ವಾರದೊಳಗೆ, ಕಟ್ಟಾ ರಿಪಬ್ಲಿಕನ್ ರಾಜ್ಯವಾದ ಕ್ಯಾನ್ಸಸ್‌ನ ಮತದಾರರು ಗರ್ಭಪಾತದ ಹಕ್ಕನ್ನು ರಾಜ್ಯ ಸಂವಿಧಾನದಿಂದ ಕಿತ್ತುಹಾಕುವ ಪ್ರಸ್ತಾವವನ್ನು ಭಾರಿ ಅಂತರದಲ್ಲಿ ಸೋಲಿಸಿದರು. ಅರ್ಧ ಶತಮಾನ ಜನರನ್ನು ಒಟ್ಟುಗೂಡಿಸಿದ್ದ ವಿಷಯ, ಗೆದ್ದ ಕೂಡಲೇ ಹೊರೆಯಾಯಿತು. 2024ರ ಪ್ರಣಾಳಿಕೆ ಅದನ್ನು ರಾಜ್ಯಗಳ ತೀರ್ಮಾನಕ್ಕೆ ಬಿಟ್ಟು ಸುಮ್ಮನಾಯಿತು.

ಪ್ರಣಾಳಿಕೆಯ ಮಾತು ಬಂತಲ್ಲ: 2020ರಲ್ಲಿ ಪಕ್ಷ ಹೊಸದನ್ನು ಬರೆಯಲೇ ಇಲ್ಲ. ನಾಲ್ಕು ವರ್ಷ ಹಳೆಯದೇ ಸಾಕು, ಅಧ್ಯಕ್ಷರ ಕಾರ್ಯಸೂಚಿಗೆ ನಮ್ಮ ಬೆಂಬಲ ಎಂದು ನಿರ್ಣಯ ಮಾಡಿತು. ವಿಚಾರದ ಜಾಗಕ್ಕೆ ನಿಷ್ಠೆ ಬಂದದ್ದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕೆಂದರೆ ಕೆಳಮನೆಯ ರಿಪಬ್ಲಿಕನ್ ನಾಯಕಿಯರಲ್ಲಿ ಒಬ್ಬರಾಗಿದ್ದ ಲಿಜ್ ಚೇನಿ ಅವರ ಪ್ರಸಂಗ ಇದೆ. ತೆರಿಗೆ, ಸೈನ್ಯ, ಗರ್ಭಪಾತ ಯಾವುದರಲ್ಲೂ ಅವರ ಮತದಾನದ ದಾಖಲೆ ಕನ್ಸರ್ವೇಟಿವ್ ಅಳತೆಗೆ ಕಡಿಮೆ ಇರಲಿಲ್ಲ. ಸಂಸತ್ ಭವನದ ಮೇಲಿನ 2021ರ ಜನವರಿ 6ರ ದಾಳಿಗೆ ಟ್ರಂಪ್ ಹೊಣೆ ಎಂದದ್ದಕ್ಕೆ ಆ ಮೇ ತಿಂಗಳಲ್ಲಿ ನಾಯಕತ್ವದ ಸ್ಥಾನ ಹೋಯಿತು. ಅವರ ಜಾಗಕ್ಕೆ ಬಂದ ಎಲೀಸ್ ಸ್ಟೆಫಾನಿಕ್ ಅವರದ್ದು ಚೇನಿ ಅವರಿಗಿಂತ ಮಧ್ಯಮಮಾರ್ಗದ ದಾಖಲೆ. 2022ರಲ್ಲಿ ಚೇನಿ ಪ್ರೈಮರಿಯಲ್ಲೂ ಹೀನಾಯವಾಗಿ ಸೋತರು.

ಹಾಗಂತ ವಿಚಾರ ಕಟ್ಟುವವರು ಸುಮ್ಮನೆ ಕೂತಿಲ್ಲ. ಟ್ರಂಪ್ ಗೆಲುವಿಗೆ ಹಿಂದಿನಿಂದ ಒಂದು ಸಿದ್ಧಾಂತ ಹೊಲಿಯುವ ಕೆಲಸ 2019ರಿಂದ ಜೋರಾಗಿ ನಡೆದಿದೆ. ಇಸ್ರೇಲಿ ಚಿಂತಕ ಯೋರಾಮ್ ಹಜೋನಿ ಮುಂದಾಳುತನದ ನ್ಯಾಷನಲ್ ಕನ್ಸರ್ವೇಟಿಸಂ ಸಮ್ಮೇಳನಗಳಿಗೆ ರಾಷ್ಟ್ರವೇ ಕೇಂದ್ರ. ಹಾರ್ವರ್ಡ್ ಕಾನೂನು ಪ್ರಾಧ್ಯಾಪಕ ಏಡ್ರಿಯನ್ ವರ್ಮ್ಯೂಲ್‌ರಂಥ ಕ್ಯಾಥೊಲಿಕರು ರಾಜ್ಯಶಕ್ತಿಯನ್ನು ಸಮಾಜದ ಒಳಿತಿಗೆ ಧೈರ್ಯವಾಗಿ ಬಳಸಿ ಎನ್ನುತ್ತಾರೆ. ಓರೆನ್ ಕ್ಯಾಸ್ 2020ರಲ್ಲಿ ಸ್ಥಾಪಿಸಿದ ಅಮೆರಿಕನ್ ಕಂಪಾಸ್, ಕಾರ್ಮಿಕನ ಕೂಲಿ ಮತ್ತು ದೇಶೀ ಕಾರ್ಖಾನೆಯ ಪರ. ಇವರೆಲ್ಲರ ಪಕ್ಕದಲ್ಲಿ ಸಿಲಿಕಾನ್ ವ್ಯಾಲಿಯ ಶ್ರೀಮಂತರು ಬಂದು ಕೂತಿದ್ದಾರೆ. ಅವರಿಗೆ ಬೇಕಾದದ್ದು ನಿಯಂತ್ರಣವಿಲ್ಲದ ತಂತ್ರಜ್ಞಾನ, ಜಗತ್ತಿನ ಯಾವ ಮೂಲೆಯಿಂದಾದರೂ ಪ್ರತಿಭೆ. ಒಬ್ಬರಿಗೆ ಕುಟುಂಬ ಉಳಿಯಬೇಕು, ಇನ್ನೊಬ್ಬರಿಗೆ ಮನುಷ್ಯನ ಕೆಲಸವನ್ನೇ ಯಂತ್ರಕ್ಕೆ ವಹಿಸಬೇಕು. 1955ರ ಮೂರು ಗುಂಪುಗಳ ನಡುವಿನ ಬಿರುಕು ಇದರ ಮುಂದೆ ಚಿಕ್ಕದೆನಿಸುತ್ತದೆ.

2025ರಲ್ಲಿ ಬಿರುಕುಗಳು ಒಂದೊಂದಾಗಿ ಹೊರಗೆ ಬಂದವು. ಜೂನ್‌ನಲ್ಲಿ ಇರಾನ್ ಮೇಲಿನ ಬಾಂಬ್ ದಾಳಿ ಬೇಕೇ ಬೇಡವೇ ಎಂದು ಮಾಜಿ ಟಿವಿ ನಿರೂಪಕ ಟಕರ್ ಕಾರ್ಲ್‌ಸನ್ ಮತ್ತು ಸೆನೆಟರ್ ಟೆಡ್ ಕ್ರೂಜ್ ಕ್ಯಾಮೆರಾ ಮುಂದೆಯೇ ಕಾದಾಡಿದರು. ಸೆಪ್ಟೆಂಬರ್ 10ರಂದು ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ ಚಾರ್ಲಿ ಕರ್ಕ್ ಹತ್ಯೆಯಾಯಿತು. 2012ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಟರ್ನಿಂಗ್ ಪಾಯಿಂಟ್ ಎಂಬ ಬಲಪಂಥೀಯ ವಿದ್ಯಾರ್ಥಿ ಸಂಘಟನೆ ಕಟ್ಟಿದ್ದ ಅವರು ಎಲ್ಲ ಬಣಗಳೊಂದಿಗೂ ಮಾತಾಡುವ ಸಂಬಂಧ ಉಳಿಸಿಕೊಂಡಿದ್ದ ಕೆಲವೇ ಜನರಲ್ಲಿ ಒಬ್ಬರು. ಅಕ್ಟೋಬರ್ ಕೊನೆಗೆ, ಯೆಹೂದಿ ದ್ವೇಷವನ್ನು ಬಹಿರಂಗವಾಗಿ ಆಡುವ ನಿಕ್ ಫುಯೆಂಟೆಸ್‌ನನ್ನು ಕಾರ್ಲ್‌ಸನ್ ತಮ್ಮ ಪಾಡ್‌ಕಾಸ್ಟ್‌ಗೆ ಕರೆದರು. ಕಾರ್ಲ್‌ಸನ್ ಪರ ನಿಂತ, ಹೆರಿಟೇಜ್ ಫೌಂಡೇಷನ್ ಎಂಬ ಚಿಂತಕರ ಚಾವಡಿಯ ಅಧ್ಯಕ್ಷ ಕೆವಿನ್ ರಾಬರ್ಟ್ಸ್ ವಿರುದ್ಧ ಅವರ ಸಂಸ್ಥೆಯೊಳಗೇ ದಂಗೆ ಎದ್ದಿತು. ವೆಲ್ಚ್‌ನನ್ನು ಹೊರಗಿಟ್ಟ ಬಕ್ಲಿಯಂಥವರು ಈಗ ಯಾಕಿಲ್ಲ ಎಂದು ಆಗ ಹಲವರು ಕೇಳಿದರು. ಬಕ್ಲಿಯ ಕಾಲದಲ್ಲಿ ಓದುಗರನ್ನು ತಲುಪಲು ಪತ್ರಿಕೆ ಬೇಕಿತ್ತು, ಪತ್ರಿಕೆಗೆ ಸಂಪಾದಕನಿದ್ದ. ಮೈಕ್ ಒಂದಿದ್ದರೆ ಸಾಕೆಂಬ ಕಾಲದಲ್ಲಿ ಹೊರಗಿಡುವುದು ಎಲ್ಲಿಂದ?

ಸಂವಿಧಾನದ 22ನೇ ತಿದ್ದುಪಡಿಯ ಪ್ರಕಾರ ಯಾರೂ ಮೂರನೇ ಬಾರಿ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಹಾಗಾಗಿ ಮುಂದಿನ ಹೆಸರು ಸಹಜವಾಗಿ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಅವರದ್ದು. ಅವರು ಎಲ್ಲ ಕಡೆಗೂ ಸಲ್ಲಬಲ್ಲ ಮನುಷ್ಯ ಎಂಬುದು ನಿಜ: ಒಹಾಯೊದ ಕಾರ್ಖಾನೆ ಊರಿನ ಹುಡುಗ, ಕ್ಯಾಥೊಲಿಕ್ ಚಿಂತಕರ ಮಿತ್ರ, 2022ರ ಸೆನೆಟ್ ಚುನಾವಣೆಗೆ ಸಿಲಿಕಾನ್ ವ್ಯಾಲಿಯ ಪೀಟರ್ ಥೀಲ್ ಅವರಿಂದ ಒಂದೂವರೆ ಕೋಟಿ ಡಾಲರ್ ಬೆಂಬಲ ಪಡೆದವರು. ಆದರೆ ರೇಗನ್ ಅವರಿಂದ ಹಿರಿಯ ಬುಷ್‌ಗೆ ಕೂಟ ಹಸ್ತಾಂತರವಾದದ್ದನ್ನು ನೆನಪಿಸಿಕೊಳ್ಳಬೇಕು. ಎಂಟು ವರ್ಷ ಉಪಾಧ್ಯಕ್ಷರಾಗಿದ್ದ ಬುಷ್ 1988ರಲ್ಲಿ, ಹೊಸ ತೆರಿಗೆ ಇಲ್ಲ ಎಂದು ಆಣೆ ಇಟ್ಟು ಗೆದ್ದರು. 1990ರಲ್ಲಿ ತೆರಿಗೆ ಏರಿಸಬೇಕಾಯಿತು. ಅದಕ್ಕಿಂತ ಮುಂಚೆ ರೇಗನ್ ಕೂಡ ಏರಿಸಿದ್ದರು, ಹೆಚ್ಚಿನವರು ಅದನ್ನು ಮನ್ನಿಸಿದ್ದರು. ಬುಷ್‌ಗೆ ಆ ರಿಯಾಯಿತಿ ಸಿಗಲಿಲ್ಲ. ಸುಂಕದಿಂದ ಬೆಲೆ ಏರಿದಾಗ, ಹೊಸ ಯುದ್ಧ ಎದುರಾದಾಗ ಟ್ರಂಪ್ ಬೆಂಬಲಿಗರು ಟ್ರಂಪ್‌ಗೆ ಕೊಡುವ ವಿನಾಯಿತಿಯನ್ನು ವ್ಯಾನ್ಸ್‌ಗೂ ಕೊಡುತ್ತಾರೆಯೇ ಎಂಬುದು ಅಭ್ಯರ್ಥಿಯ ಆಯ್ಕೆ ಮೊದಲು ನಡೆಯುವ ಅಯೋವಾ, ನ್ಯೂ ಹ್ಯಾಂಪ್‌ಷೈರ್, ಸೌತ್ ಕೆರೊಲಿನಾಗಳ 2028ರ ಮತಗಟ್ಟೆಗಳಲ್ಲಿ ತೀರ್ಮಾನವಾಗುತ್ತದೆ.